ವಾಚು ಎಣಿಸಿದ್ದು ನಾಡಿಯನ್ನಲ್ಲ

ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕಳೆದ ಮಳೆಗಾಲದಲ್ಲಿ, ತಪಾಸಣೆಗೆ ಇನ್ನೂ ಒಂದು ತಿಂಗಳಿರುವಾಗಲೇ ನನ್ನ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಮಗ ಹುಟ್ಟುಹಬ್ಬಕ್ಕೆ ಕೊಡಿಸಿದ, ಹೃದಯದ ಬಡಿತವನ್ನೂ ಹೆಜ್ಜೆಯನ್ನೂ ಎಣಿಸುವ ಹೊಸ ವಾಚಿತ್ತು. “ಡಾಕ್ಟ್ರೇ, ಕೂತಿದ್ದಾಗ ಅರವತ್ತೈದು, ಎಪ್ಪತ್ತು ತೋರಿಸುತ್ತೆ. ವಾಕಿಂಗ್ ಶುರು ಮಾಡಿದ ಎರಡೇ ನಿಮಿಷಕ್ಕೆ ನೂರಾ ಹದಿನೇಳಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತೆ. ಭಯ ಆಗಿ ಮೂರು ವಾರದಿಂದ ನಿಧಾನಕ್ಕೆ ನಡೀತಿದೀನಿ” ಎಂದರು. ಅವರು ದಿನವೂ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವವರು. ಆ ಮಾತ್ರೆಯ ಕೆಲಸವೇ ಹೃದಯದ ಬಡಿತ ಹೆಚ್ಚು ಏರದಂತೆ ಹಿಡಿದಿಡುವುದು. ಸಮತಟ್ಟಾದ ರಸ್ತೆಯಲ್ಲಿ ನಡೆದ ಮಾತ್ರಕ್ಕೆ ಅದು ಎರಡೇ ನಿಮಿಷದಲ್ಲಿ 117ಕ್ಕೆ ಏರಿ, ಗೂಟಕ್ಕೆ ಕಟ್ಟಿದಂತೆ ಅಲ್ಲೇ ನಿಲ್ಲುವುದು ನನಗೆ ಅನುಮಾನ ತಂದಿತು.

ಅವರನ್ನು ಹೊರಗಿನ ಮೊಗಸಾಲೆಯಲ್ಲಿ ಎಂದಿನ ವೇಗದಲ್ಲಿ ನಡೆಯಲು ಹೇಳಿ, ಗಡಿಯಾರ ನೋಡುತ್ತ ಅವರ ಹೆಜ್ಜೆಗಳನ್ನು ಎಣಿಸಿದೆ. ಅರ್ಧ ನಿಮಿಷಕ್ಕೆ 58 ಹೆಜ್ಜೆ ಬಿದ್ದವು, ಅಂದರೆ ನಿಮಿಷಕ್ಕೆ ಸುಮಾರು 116. ವಾಚಿನಲ್ಲಿ 117 ಇತ್ತು. ನಿಲ್ಲಿಸಿದ ಕೂಡಲೇ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡು ಎಣಿಸಿದಾಗ 23 ಬಡಿತ ಸಿಕ್ಕಿತು, ಅಂದರೆ ನಿಮಿಷಕ್ಕೆ 92. ವಾಚು ಅವರ ನಾಡಿಯನ್ನು ಬಿಟ್ಟು ಹೆಜ್ಜೆಯನ್ನು ಎಣಿಸಿ, ಅದನ್ನೇ ಹೃದಯದ ಬಡಿತವೆಂದು ತೋರಿಸುತ್ತಿತ್ತು. ನಿಧಾನವಾಗಿ ನಡೆದಾಗ ಸಂಖ್ಯೆ ಇಳಿಯುತ್ತಿದ್ದುದರಿಂದ ಅವರಿಗೆ ಸುಳಿವು ಸಿಗುವಂತೆಯೂ ಇರಲಿಲ್ಲ, ಏಕೆಂದರೆ ನಿಜವಾದ ಬಡಿತವೂ ಹಾಗೆಯೇ ಇಳಿಯುತ್ತದೆ.

ಇದು ಆ ಒಂದು ವಾಚಿನ ದೋಷವಷ್ಟೇ ಅಲ್ಲ. ಕೈಗೆ ಕಟ್ಟುವ ವಾಚುಗಳೆಲ್ಲ ನಾಡಿಯನ್ನು ಬೆಳಕಿನಿಂದ ಅಳೆಯುತ್ತವೆ. ವಾಚನ್ನು ಮಗುಚಿದರೆ ಕಾಣುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ಸಣ್ಣ ರಕ್ತನಾಳಗಳು ತುಂಬಿದಾಗ ಹಿಂದಿರುಗುವ ಬೆಳಕು ತುಸು ಕಡಿಮೆಯಾಗುತ್ತದೆ, ಮತ್ತೆ ಹೆಚ್ಚುತ್ತದೆ. ಪಕ್ಕದಲ್ಲೇ ಇರುವ ಸಂವೇದಕ ಈ ಏರಿಳಿತವನ್ನು ಹಿಡಿದು ಎಣಿಸುತ್ತದೆ. ಕೂತಾಗ ಇದು ಸುಲಭದ ಕೆಲಸ. ನಡೆಯುವಾಗ ಮಾತ್ರ ಕೈ ಬೀಸಿದಂತೆಲ್ಲ ವಾಚು ಚರ್ಮದ ಮೇಲೆ ಕೂದಲೆಳೆಯಷ್ಟು ಜಾರುತ್ತದೆ, ಕೈಯ ರಕ್ತವೂ ಆ ಲಯದಲ್ಲೇ ಅಲುಗುತ್ತದೆ, ಹೀಗಾಗಿ ಹಿಂದಿರುಗುವ ಬೆಳಕಿನಲ್ಲಿ ಎರಡು ಲಯಗಳು ಬೆರೆತುಹೋಗುತ್ತವೆ. ಒಳ್ಳೆಯ ವಾಚು ತನ್ನೊಳಗಿನ ಚಲನೆಯ ಸಂವೇದಕದಿಂದ ಹೆಜ್ಜೆಯ ಲಯ ಯಾವುದೆಂದು ತಿಳಿದು ಅದನ್ನು ಕಳೆದುಹಾಕುತ್ತದೆ. ಸಾಧಾರಣ ವಾಚು ಎರಡರಲ್ಲಿ ಜೋರಾಗಿರುವುದನ್ನು ಹಿಡಿದುಕೊಳ್ಳುತ್ತದೆ. ಈ ಕ್ಷೇತ್ರದವರು ಇದನ್ನು ಕೇಡೆನ್ಸ್ ಲಾಕ್ ಎನ್ನುತ್ತಾರೆ. ಚುರುಕು ನಡಿಗೆ ನಿಮಿಷಕ್ಕೆ 100ರಿಂದ 125 ಹೆಜ್ಜೆಯದ್ದು, ನಡೆಯುವವರ ಹೃದಯದ ಬಡಿತವೂ ಬಹುಪಾಲು ಅದರ ಆಸುಪಾಸಿನಲ್ಲೇ ಇರುತ್ತದೆ. ಹೀಗಾಗಿ ನಡೆಯುವವರ ಕಣ್ಣಿಗೆ ಈ ತಪ್ಪು ಸುಲಭವಾಗಿ ಬೀಳುವುದಿಲ್ಲ.

ಆದ್ದರಿಂದ ಯಾವ ವಾಚು ತೆಗೆದುಕೊಳ್ಳಲಿ ಎಂದು ಕೇಳುವವರಿಗೆ ನಾನು ಕಂಪನಿಯ ಹೆಸರು ಹೇಳುವ ಮೊದಲು ನಾಡಿ ನೋಡಿಕೊಳ್ಳುವುದನ್ನು ಕಲಿಸುತ್ತೇನೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಟ್ಟರೆ ನಾಡಿ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬಾರದು, ಅದರಲ್ಲಿಯೇ ಮಿಡಿತವಿದ್ದು ಮೋಸ ಮಾಡುತ್ತದೆ. ಹೊಸ ವಾಚು ಬಂದ ಮೊದಲ ವಾರ, ಅಂದರೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಐದು ನಿಮಿಷ ಸುಮ್ಮನೆ ಕೂತು ಅರ್ಧ ನಿಮಿಷದ ನಾಡಿ ಎಣಿಸಿ ಎರಡರಿಂದ ಗುಣಿಸಿ ವಾಚಿನೊಂದಿಗೆ ಹೋಲಿಸಬೇಕು. ಆಮೇಲೆ ಹತ್ತು ನಿಮಿಷ ಚುರುಕಾಗಿ ನಡೆದು, ನಿಂತ ಕ್ಷಣದಲ್ಲಿ ವಾಚಿನ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕೂಡಲೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ತಡ ಮಾಡಿದರೆ ಬಡಿತ ಇಳಿದುಬಿಡುತ್ತದೆ. ಕೂತಾಗ ನಾಲ್ಕೈದು ಬಡಿತ, ನಡೆದಾಗ ಏಳೆಂಟು ಬಡಿತದ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಬೇರೆ ಬೇರೆ ದಿನ ಮೂರು ಸಲ ನೋಡಿದಾಗಲೂ ಇಪ್ಪತ್ತು ಬಡಿತದ ಅಂತರವಿದ್ದರೆ ಆ ವಾಚು ಎಷ್ಟೇ ಬೆಲೆಯದ್ದಾಗಿರಲಿ ನಿಮ್ಮ ಕೈಗೆ ಅದು ಹೊಂದುವುದಿಲ್ಲ.

ನಿಮ್ಮ ಕೈಗೆ ಎಂದು ಬೇಕೆಂದೇ ಹೇಳಿದೆ. ಅದೇ ವಾಚು ಮತ್ತೊಬ್ಬರ ಕೈಯಲ್ಲಿ ಸರಿಯಾಗಿ ನಡೆಯಬಹುದು. ಮಣಿಕಟ್ಟು ತೀರಾ ಸಣ್ಣದಿದ್ದು ವಾಚಿನ ತಳ ಅಗಲವಾಗಿದ್ದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಹಚ್ಚೆಯ ಶಾಯಿ ಬೆಳಕನ್ನು ತಡೆಯುತ್ತದೆ, ಚಳಿಗೆ ಚರ್ಮದ ರಕ್ತನಾಳಗಳು ಮುದುಡಿದರೆ ಸಂಕೇತವೇ ಕ್ಷೀಣವಾಗುತ್ತದೆ. ಕಪ್ಪು ಚರ್ಮದವರಿಗೆ ಈ ವಾಚುಗಳು ಆಗುವುದೇ ಇಲ್ಲ ಎಂಬ ಮಾತಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 53 ಜನರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚರ್ಮದ ಬಣ್ಣದಿಂದ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ವ್ಯತ್ಯಾಸ ಕಂಡದ್ದು ಒಂದು ವಾಚಿಗೂ ಇನ್ನೊಂದಕ್ಕೂ, ಹಾಗೆಯೇ ವಿಶ್ರಾಂತಿಗೂ ಚಟುವಟಿಕೆಗೂ ನಡುವೆ. ಚಟುವಟಿಕೆಯ ಹೊತ್ತಿನ ತಪ್ಪು ವಿಶ್ರಾಂತಿಯ ಹೊತ್ತಿನದಕ್ಕಿಂತ ಸರಾಸರಿ 30 ಪ್ರತಿಶತ ಹೆಚ್ಚಿತ್ತು.

ಕಟ್ಟುವ ಬಗೆಯನ್ನು ಸರಿಪಡಿಸಿದರೆ ಅರ್ಧ ದೂರುಗಳು ಹೋಗುತ್ತವೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಅಲುಗಾಡದ ಹಾಗೆ ಆದರೆ ಬೆರಳು ಜೋಮು ಹಿಡಿಯದ ಹಾಗೆ ಕಟ್ಟಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು, ಬಳೆಗಳ ಸಾಲಿನ ನಡುವೆ ಸಡಿಲವಾಗಿ ತೂಗಾಡುವ ವಾಚು. ಪ್ರತಿ ಹೆಜ್ಜೆಗೂ ಬಳೆ ಬಂದು ವಾಚನ್ನು ತಟ್ಟುತ್ತದೆ. ವಾಕಿಂಗಿನ ಮಟ್ಟಿಗೆ ವಾಚನ್ನು ಬಳೆಗಳಿಗಿಂತ ಮೇಲೆ ಕಟ್ಟಿ ಎಂದರೆ ಕೆಲವರಿಗೆ ಅದು ಚೆಂದ ಕಾಣುವುದಿಲ್ಲ, ಅದೂ ನ್ಯಾಯವಾದ ಆಕ್ಷೇಪವೇ. ಕೊಳ್ಳುವಾಗ ಪಟ್ಟಿಯ ಬಗ್ಗೆ ಹಟ ಹಿಡಿಯಬೇಕು. ಒತ್ತೊತ್ತಾಗಿ ತೂತುಗಳಿರುವ, ಬಾಗುವ ಸಿಲಿಕೋನ್ ಪಟ್ಟಿ ಅಥವಾ ಅಂಟುವ ಬಟ್ಟೆಯ ಪಟ್ಟಿ ಒಳ್ಳೆಯದು. ಲೋಹದ ಚೈನು ಮದುವೆ ಮನೆಗೆ ಸರಿ, ನಾಡಿಗಲ್ಲ. ವಾಚು ಹಗುರವಾಗಿದ್ದಷ್ಟೂ ಕಡಿಮೆ ಜಾರುತ್ತದೆ.

ಅಂತರ್ಜಾಲದ ವಿಡಿಯೊಗಳಲ್ಲಿ ಬಾಳೆಹಣ್ಣಿಗೋ ಸುತ್ತಿದ ಟವಲಿಗೋ ವಾಚು ಕಟ್ಟಿ, ನೋಡಿ ಇದಕ್ಕೂ ಹೃದಯವಿದೆ ಎಂದು ನಗುತ್ತಾರೆ. ಈ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೆಳಕಿನ ಏರಿಳಿತದಲ್ಲಿ ಲಯ ಹುಡುಕುವ ಯಂತ್ರಕ್ಕೆ ಟವಲು ಕೊಟ್ಟರೆ ಅದು ಅಲ್ಲಿಯೂ ಏನಾದರೊಂದು ಲಯ ಹುಡುಕಲು ಹೊರಡುತ್ತದೆ, ಒಳ್ಳೆಯ ವಾಚುಗಳೂ ಮೋಸ ಹೋಗುತ್ತವೆ. ನನಗೆ ಮುಖ್ಯವಾದದ್ದು ಬೇರೆ: ನಡೆಯುವಾಗ ಸಂಕೇತ ತಪ್ಪಿದರೆ ವಾಚು ಸಂಖ್ಯೆಯ ಜಾಗದಲ್ಲಿ ಅಡ್ಡಗೆರೆ ತೋರಿಸುತ್ತದೆಯೇ, ಅಥವಾ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡು ಕೂರುತ್ತದೆಯೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ತೋರಿಸುವ ವಾಚನ್ನು ನಾನು ಹೆಚ್ಚು ನಂಬುತ್ತೇನೆ. ಇನ್ನೊಂದು ಸಂಗತಿಯೆಂದರೆ, ಬ್ಯಾಟರಿ ಉಳಿಸಲು ಅನೇಕ ವಾಚುಗಳು ದಿನವಿಡೀ ಕೆಲವು ನಿಮಿಷಗಳಿಗೊಮ್ಮೆ ಮಾತ್ರ ನಾಡಿ ನೋಡುತ್ತವೆ, ವಾಕಿಂಗ್ ಎಂದು ಒತ್ತಿ ಆರಂಭಿಸಿದಾಗಷ್ಟೇ ಸತತವಾಗಿ ಅಳೆಯುತ್ತವೆ. ಒತ್ತದೆ ನಡೆದು ಬಂದು ವಾಚು ಸರಿಯಿಲ್ಲವೆನ್ನುವವರೂ ಇದ್ದಾರೆ.

ಹೆಜ್ಜೆಯ ಲೆಕ್ಕ ಇಷ್ಟು ಜಟಿಲವಲ್ಲ. ವಾಚು ಕಾಲನ್ನು ನೋಡುವುದಿಲ್ಲ, ಕೈಯ ಬೀಸನ್ನು ನೋಡುತ್ತದೆ ಎಂಬುದನ್ನು ನೆನಪಿಟ್ಟರೆ ಅದರ ತಪ್ಪುಗಳೆಲ್ಲ ಅರ್ಥವಾಗುತ್ತವೆ. ವಾಚಿರುವ ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದರೆ, ಮೊಮ್ಮಗುವಿನ ಗಾಡಿ ತಳ್ಳಿದರೆ, ಊರುಗೋಲಿನ ಮೇಲೆ ನಿಧಾನವಾಗಿ ನಡೆದರೆ ಲೆಕ್ಕ ಕಡಿಮೆ ಬರುತ್ತದೆ. ಹಳ್ಳ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಬಿಟ್ಟಿ ಹೆಜ್ಜೆಗಳು ಸೇರಬಹುದು. ಬಾಯಲ್ಲಿ ಎಣಿಸುತ್ತ 200 ಹೆಜ್ಜೆ ನಡೆದು ನೋಡಿ: 190ರಿಂದ 210ರೊಳಗೆ ತೋರಿಸಿದರೆ ಸಾಕು. ದೂರ ಪರೀಕ್ಷಿಸಲು ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನ ಒಳ ಅಂಚಿನಲ್ಲಿ ಐದು ಸುತ್ತು ಹಾಕಬಹುದು, ಎರಡು ಕಿಲೋಮೀಟರ್ ಆಗುತ್ತದೆ. ತನ್ನದೇ ಜಿಪಿಎಸ್ ಇಲ್ಲದ ವಾಚು ಜೇಬಿನ ಫೋನಿನಿಂದ ದೂರ ಪಡೆಯುತ್ತದೆ, ಫೋನು ಮನೆಯಲ್ಲಿದ್ದರೆ ಎತ್ತರದ ಆಧಾರದಲ್ಲಿ ಹೆಜ್ಜೆಯ ಉದ್ದವನ್ನು ಅಂದಾಜು ಮಾಡುತ್ತದೆ. ದಿನವೂ ಅದೇ ಕೆರೆ ಏರಿಯ ಮೇಲೆ ನಡೆಯುವವರಿಗೆ ಜಿಪಿಎಸ್‌ಗೆಂದು ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಸುತ್ತು ಹೊಡೆಯುವವರಿಗೆ ಒಂದು ಮಾತು. ಆ ಸಂಖ್ಯೆ ಹುಟ್ಟಿದ್ದು ಯಾವ ವೈದ್ಯಕೀಯ ಶೋಧನೆಯಿಂದಲೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರು ‘ಮಾನ್ಪೊ-ಕೇ’. ಅದರ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಾಸರಿ 72 ವರ್ಷದ 16,741 ಅಮೆರಿಕನ್ ಮಹಿಳೆಯರನ್ನು ಗಮನಿಸಿ ಸಂಶೋಧಕಿ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರ ಸಾವಿನ ಪ್ರಮಾಣವೇ ತೀರಾ ಕಡಿಮೆ ನಡೆದವರಿಗಿಂತ ಸಾಕಷ್ಟು ತಗ್ಗಿತ್ತು, ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಗುರಿಯನ್ನು ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಲು ಬಿಡುವ ವಾಚು ಇರಲಿ.

ಕ್ಯಾಲೊರಿಯ ಸಂಖ್ಯೆಯನ್ನು ನೋಡಲೇಬೇಡಿ ಎನ್ನುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದಾಗ ಆರು ಸಾಧನಗಳು ಹೃದಯದ ಬಡಿತವನ್ನು 5 ಪ್ರತಿಶತದೊಳಗಿನ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಉತ್ತಮವಾದುದೂ ಸರಾಸರಿ 27 ಪ್ರತಿಶತ ತಪ್ಪಿತ್ತು. ವಾಚು 300 ಕ್ಯಾಲೊರಿ ಎಂದಿತೆಂದು ಮಸಾಲೆ ದೋಸೆಗೆ ಹೊರಟವರನ್ನು ನಾನು ಬಲ್ಲೆ.

ರಕ್ತದ ಸಕ್ಕರೆಯನ್ನು ಸೂಜಿ ಚುಚ್ಚದೆ ಅಳೆಯುತ್ತೇವೆ ಎನ್ನುವ ವಾಚನ್ನು ಮುಟ್ಟಬಾರದು. ಅಂಥ ಯಾವ ವಾಚಿಗೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಜನರನ್ನು ಎಚ್ಚರಿಸಿತು. ಆ ಸಂಖ್ಯೆ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸಿಕೊಂಡರೆ ಜೀವಕ್ಕೇ ಅಪಾಯ. ಬಿಪಿಯ ವಿಷಯದಲ್ಲೂ ತೋಳಿಗೆ ಸುತ್ತುವ ಪಟ್ಟಿಯ ಯಂತ್ರವೇ ಗತಿ. ಬಿಪಿ ತೋರಿಸುವ ಸ್ಯಾಮ್‌ಸಂಗ್ ವಾಚುಗಳನ್ನು ಕೂಡ 28 ದಿನಕ್ಕೊಮ್ಮೆ ಅಂಥ ಯಂತ್ರದ ಜೊತೆ ಹೊಂದಿಸಬೇಕಾಗುತ್ತದೆ, ಆ ಯಂತ್ರ ಮನೆಯಲ್ಲಿದ್ದ ಮೇಲೆ ಅದರಲ್ಲೇ ನೋಡಿಕೊಳ್ಳಬಹುದಲ್ಲ.

ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಚಿತ್ರ, ತೆಗೆಯುವ ವಾಚು ಬೇರೆ ಜಾತಿ. ಆ್ಯಪಲ್ 2018ರಲ್ಲಿ ತಂದ ಈ ಸೌಲಭ್ಯದಲ್ಲಿ ಇನ್ನೊಂದು ಕೈಯ ಬೆರಳನ್ನು ವಾಚಿನ ಮೇಲೆ ಅರ್ಧ ನಿಮಿಷ ಇಟ್ಟರೆ ಒಂದು ಎಳೆಯ ಇಸಿಜಿ ಬರುತ್ತದೆ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಮಿಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಪತ್ತೆಗೆ ಅದು ನಿಜಕ್ಕೂ ಉಪಯುಕ್ತ. ಹೃದಯಾಘಾತವನ್ನು ಮಾತ್ರ ಅದು ಗುರುತಿಸಲಾರದು. ಎದೆನೋವು ಬಂದಾಗ ವಾಚು ಸರಿಯಿದೆ ಎಂದಿತೆಂದು ಮನೆಯಲ್ಲಿ ಉಳಿದರೆ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ. ಈ ಫಿಬ್ರಿಲೇಶನ್ ಇರುವವರಲ್ಲಿ ಕೆಲವು ಬಡಿತಗಳು ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ, ಆದ್ದರಿಂದ ಬೆಳಕಿನ ವಾಚೂ ನಾಡಿ ಹಿಡಿದ ಬೆರಳೂ ಎರಡೂ ಕಡಿಮೆ ಎಣಿಸುತ್ತವೆ. ಪೇಸ್‌ಮೇಕರ್ ಇರುವವರು ದೇಹದ ಕೊಬ್ಬು ಅಳೆಯಲು ಸಣ್ಣ ವಿದ್ಯುತ್ ಹರಿಸುವ ಸೌಲಭ್ಯವನ್ನು ಬಳಸಬಾರದು.

ಕೊನೆಯದಾಗಿ, ವಾಚು ತೋರಿಸುವ ಹೃದಯದ ‘ವಲಯ’ಗಳು. ಬಹುಪಾಲು ವಾಚುಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಊಹಿಸಿ ಬಣ್ಣಬಣ್ಣದ ವಲಯಗಳನ್ನು ಮಾಡುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಎಷ್ಟು ಬೆವರಿದರೂ ವಾಚು ಸೋಮಾರಿ ಎನ್ನುತ್ತದೆ. ಅಂಥವರು ಮಿತಿಯನ್ನು ತಮ್ಮ ವೈದ್ಯರಿಂದ ಕೇಳಿ ವಾಚಿನಲ್ಲಿ ತಾವೇ ತುಂಬಬೇಕು, ಅದಕ್ಕೆ ಅವಕಾಶವಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ವೇಗ ಹೆಚ್ಚಿನವರಿಗೆ ಸರಿ.

ಬ್ಯಾಂಕಿನ ಯಜಮಾನರು ಪಟ್ಟಿ ಬಿಗಿ ಮಾಡಿದರು, ಮೇಲಕ್ಕೆ ಕಟ್ಟಿದರು, ಎಡಗೈಯಿಂದ ಬಲಗೈಗೆ ಬದಲಿಸಿದರು, 117 ಹೋಗಲಿಲ್ಲ. ಹಿಂದಿರುಗಿಸುವ ಅವಧಿಯೂ ಮುಗಿದಿತ್ತು. ಕೊನೆಗೆ ಎದೆಗೆ ಕಟ್ಟುವ ಬೆಲ್ಟ್ ತರಿಸಿಕೊಂಡರು. ಇದು ಹೃದಯದ ವಿದ್ಯುತ್ ಸಂಕೇತವನ್ನೇ ನೇರವಾಗಿ ಹಿಡಿಯುತ್ತದೆ, ಆದ್ದರಿಂದ ಕೈಬೀಸಿನ ಗೊಂದಲ ಇದಕ್ಕಿಲ್ಲ. ಒದ್ದೆ ಮಾಡಿ ಕಟ್ಟಿಕೊಂಡ ಬೆಲ್ಟು ಫೋನಿಗೆ ಕಳಿಸಿದ ಸಂಖ್ಯೆ ಮೊದಲ ದಿನ 90ರಿಂದ 94ರ ನಡುವೆ ಆಡಿತಂತೆ, ಅವರು ತಮ್ಮ ಹಳೆಯ ವೇಗಕ್ಕೆ ಮರಳಿದರು. ಮಗ ಬೇಸರ ಮಾಡಿಕೊಳ್ಳಬಾರದೆಂದು ವಾಚನ್ನೂ ಕಟ್ಟಿಕೊಳ್ಳುತ್ತಾರೆ, ಹೆಜ್ಜೆ ಎಣಿಸಲು. ಆ ಕೆಲಸವನ್ನು ಅದು ಮೊದಲಿನಿಂದಲೂ ತಪ್ಪಿಲ್ಲದೆ ಮಾಡುತ್ತಿತ್ತು.