ಆ ವಿಮಾನಗಳು ಮರಳಲಿಲ್ಲ, ಒಳಗಿದ್ದವರು ಏನಾದರು?

ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆಂದೇ ಇದ್ದ ಬ್ರಿಟನ್ ವಾಯುಪಡೆಯ ವಿಭಾಗ ಬಾಂಬರ್ ಕಮಾಂಡ್ ಪರವಾಗಿ ಸುಮಾರು 1,25,000 ಮಂದಿ ಹಾರಿದರು. ಅವರಲ್ಲಿ 55,573 ಜನ ಸತ್ತರು. 8,403 ಮಂದಿ ಗಾಯಗೊಂಡರು, 9,838 ಮಂದಿ ಶತ್ರುಗಳ ಕೈಗೆ ಸೆರೆ ಸಿಕ್ಕರು. ಈ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಸ್ವಲ್ಪ ನಿಂತು ನೋಡಿ. ಸತ್ತವರು ಸೆರೆ ಸಿಕ್ಕವರ ಐದು ಪಟ್ಟಿಗಿಂತಲೂ ಜಾಸ್ತಿ. ಎಲ್ಲರ ಹತ್ತಿರವೂ ಪ್ಯಾರಾಚೂಟ್ ಇತ್ತಲ್ವಾ? ಹಾಗಿದ್ದರೆ ಹಾರಿಕೊಂಡು ಬದುಕಿದವರು ಇಷ್ಟು ಕಡಿಮೆ ಯಾಕೆ?

ಇದಕ್ಕೆ ಉತ್ತರ ಯುದ್ಧ ನಡೆಯುತ್ತಿದ್ದಾಗಲೇ ಕೆಲವರಿಗೆ ಗೊತ್ತಿತ್ತು. ನನಗೆ ತುಂಬಾ ಸಂಕಟ ಆಗೋದು ಅದಕ್ಕೇ. ಎಷ್ಟು ವಿಮಾನ ಹೋಯಿತು ಅನ್ನುವ ಲೆಕ್ಕ ಬೆಳಗಾಗುವುದರೊಳಗೆ ಸಿದ್ಧವಾಗಿರುತ್ತಿತ್ತು. ಒಳಗಿದ್ದವರ ಲೆಕ್ಕಕ್ಕೆ ವರ್ಷಗಳೇ ಹಿಡಿದವು, ಕೆಲವರದ್ದು ಇವತ್ತಿಗೂ ಮುಗಿದಿಲ್ಲ.

ಶುರುವಿನಲ್ಲಿ ಹಗಲು ಹೊತ್ತಿನಲ್ಲೇ ಹೋಗುತ್ತಿದ್ದರು. ಬಾಂಬರ್‌ಗಳು ಗುಂಪಾಗಿ ಹಾರಿದರೆ ತಮ್ಮ ಬಂದೂಕುಗಳಿಂದಲೇ ತಮ್ಮನ್ನು ಕಾಪಾಡಿಕೊಳ್ಳುತ್ತವೆ ಅನ್ನುವ ನಂಬಿಕೆ ಇತ್ತು. 1939ರ ಡಿಸೆಂಬರ್ 18ರಂದು ಜರ್ಮನಿಯ ಕರಾವಳಿ ತಲುಪಿದ 22 ವೆಲ್ಲಿಂಗ್ಟನ್ ಬಾಂಬರ್‌ಗಳಲ್ಲಿ 12 ನಾಶವಾದವು, ನಂಬಿಕೆಯೂ ಅವುಗಳ ಜೊತೆಗೇ ಹೋಯಿತು. ಆಮೇಲೆ ಕತ್ತಲೇ ಗತಿ ಅಂತಾಯಿತು. ಆದರೆ ಕತ್ತಲಲ್ಲಿ ಗುರಿ ಕಾಣಬೇಕಲ್ಲ! 1941ರಲ್ಲಿ ವಿಮಾನಗಳು ತೆಗೆದ ಫೋಟೋಗಳನ್ನು ಪರೀಕ್ಷಿಸಿದ ಬಟ್ ವರದಿ, ಗುರಿಗೆ ಬಾಂಬ್ ಹಾಕಿದೆವು ಅಂದವರಲ್ಲಿ ಮೂರನೇ ಒಂದು ಪಾಲು ಮಾತ್ರ ಗುರಿಯ ಐದು ಮೈಲಿ ಒಳಗೆ ಇದ್ದರು ಅಂತ ಹೇಳಿತು. ಕಾರ್ಖಾನೆಗೆ ಗುರಿ ಇಡಲು ಆಗುವುದಿಲ್ಲ ಅಂದರೆ ಊರಿಗೇ ಇಡೋಣ ಅನ್ನುವ ತೀರ್ಮಾನ 1942ರಲ್ಲಿ ಬಂತು, ಆರ್ಥರ್ ಹ್ಯಾರಿಸ್ ಕಮಾಂಡ್‌ನ ಮುಖ್ಯಸ್ಥರಾಗಿದ್ದೂ ಆಗಲೇ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರ ಹೊತ್ತಿ ಉರಿದು 30,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಸಾಮಾನ್ಯ ನಾಗರಿಕರು. ಮೇಲಿದ್ದವರ ಕಥೆ ಹೇಳುವಾಗ ಕೆಳಗಿದ್ದವರನ್ನು ಮರೆಯುವುದು ಸರಿಯಲ್ಲ. ಯುದ್ಧ ಮುಗಿದ ಮೇಲೆ ಈ ವಿಮಾನ ಸಿಬ್ಬಂದಿಯ ಬಗ್ಗೆ ಬ್ರಿಟನ್ ಸರ್ಕಾರ ದಶಕಗಳ ಕಾಲ ಗಟ್ಟಿಯಾಗಿ ಮಾತಾಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಈಗ ಲ್ಯಾಂಕಾಸ್ಟರ್ ಬಾಂಬರ್ ಒಳಗೆ ಹೋಗೋಣ. ಏಳು ಜನ, ಸರಾಸರಿ ವಯಸ್ಸು ಸುಮಾರು 22. ಮುಂದೆ ಪೈಲಟ್, ಪಕ್ಕದಲ್ಲಿ ಫ್ಲೈಟ್ ಎಂಜಿನಿಯರ್, ಅವರ ಹಿಂದೆ ಪರದೆ ಎಳೆದುಕೊಂಡು ನಕ್ಷೆ ನೋಡುವ ನ್ಯಾವಿಗೇಟರ್, ಆಮೇಲೆ ವೈರ್‌ಲೆಸ್ ಆಪರೇಟರ್. ಮೂಗಿನಲ್ಲಿ ಬೋರಲು ಮಲಗಿರುವವನು ಬಾಂಬ್ ಹಾಕುವವನು. ಬೆನ್ನ ಮೇಲೊಬ್ಬ, ಬಾಲದಲ್ಲೊಬ್ಬ ಗನ್ನರ್. ಕೋ-ಪೈಲಟ್ ಇಲ್ಲ. ಪೈಲಟ್ ತನ್ನ ಪ್ಯಾರಾಚೂಟ್ ಮೇಲೆ ಕೂತಿರುತ್ತಾನೆ. ಉಳಿದವರಿಗೆ ಅದನ್ನು ಕಟ್ಟಿಕೊಂಡು ಓಡಾಡಲು ಜಾಗವೇ ಇಲ್ಲ, ಪಕ್ಕದಲ್ಲಿ ಇಟ್ಟಿರುತ್ತಾರೆ, ಹೊತ್ತು ಬಂದಾಗ ಹುಡುಕಿ ಎದೆಗೆ ಸಿಕ್ಕಿಸಿಕೊಳ್ಳಬೇಕು. ಬಾಲದ ಗನ್ನರ್‌ನದ್ದಂತೂ ಅವನು ಕೂರುವ ಬಂದೂಕಿನ ಗೂಡಿನ ಹೊರಗೆ, ಅವನ ಬೆನ್ನ ಹಿಂದೆ. ಬೆಂಕಿ ಬಿದ್ದರೆ ಅವನು ಬಾಗಿಲು ತೆಗೆದು ಕೈಚಾಚಿ ಅದನ್ನು ಎಳೆದುಕೊಳ್ಳಬೇಕು.

1944ರ ಮಾರ್ಚ್‌ನಲ್ಲಿ ನಿಕೋಲಸ್ ಆಲ್ಕಿಮೇಡ್ ಅನ್ನುವ ಗನ್ನರ್ ಹಾಗೆ ಕೈಚಾಚಿದಾಗ ಪ್ಯಾರಾಚೂಟೇ ಉರಿಯುತ್ತಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದೇ ವಾಸಿ ಅಂತ ಸುಮಾರು 18,000 ಅಡಿಯಿಂದ ಹಾಗೇ ಹಾರಿದ. ಮರದ ಕೊಂಬೆಗಳೂ ಹಿಮವೂ ತಡೆದು, ಬದುಕಿಬಿಟ್ಟ! ಇಂಥ ಕಥೆ ಎಲ್ಲರ ಬಾಯಲ್ಲೂ ಉಳಿಯುತ್ತದೆ. ಹಾಗೆ ಬಿದ್ದ ಸಾವಿರಾರು ಜನರ ಕಥೆ ಯಾರಿಗೂ ಗೊತ್ತಾಗಲೇ ಇಲ್ಲ.

ಮುಂದಿದ್ದವರು ಹೊರಗೆ ಹೋಗಬೇಕಾದದ್ದು ಮೂಗಿನ ನೆಲದಲ್ಲಿದ್ದ ಒಂದು ಕಿಂಡಿಯಿಂದ. ಅದರ ಅಗಲ 22 ಇಂಚು. ದಪ್ಪ ಬಟ್ಟೆ, ಬೂಟು, ಎದೆ ಮೇಲೆ ಪ್ಯಾರಾಚೂಟ್ ಗಂಟು, ಸುತ್ತ ಕತ್ತಲು, ವಿಮಾನ ಬೇರೆ ಗಿರಗಿರ ತಿರುಗುತ್ತಾ ಇದೆ. ಹಿಂದೆ ಒಂದು ಬಾಗಿಲಿತ್ತು, ಅದಕ್ಕೆ ಹೋಗಬೇಕಾದರೆ ರೆಕ್ಕೆಯ ದಪ್ಪ ತೊಲೆಯನ್ನು ಹತ್ತಿ ದಾಟಬೇಕು. ಅಲ್ಲಿಂದ ಹಾರಿದರೆ ಬಾಲಕ್ಕೆ ಬಡಿಯುವ ಭಯ. ಆಮೇಲೆ ದೊಡ್ಡ ಭೌತವಿಜ್ಞಾನಿ ಅನ್ನಿಸಿಕೊಂಡ ಫ್ರೀಮನ್ ಡೈಸನ್ ಆಗ ಬಾಂಬರ್ ಕಮಾಂಡ್‌ನ ಸಂಶೋಧನಾ ವಿಭಾಗದಲ್ಲಿ ಕೆಲಸಕ್ಕಿದ್ದ ಹುಡುಗ. ಹೊಡೆತ ತಿಂದ ವಿಮಾನಗಳಿಂದ ಎಷ್ಟು ಮಂದಿ ಬದುಕಿ ಹೊರಬಂದರು ಅನ್ನುವ ಲೆಕ್ಕವನ್ನು ಅವರು ಮುಂದೆ ಬರೆದರು. ಹಗಲು ಹಾರುತ್ತಿದ್ದ ಅಮೆರಿಕದ ಬಾಂಬರ್‌ಗಳಲ್ಲಿ ನೂರಕ್ಕೆ ಸುಮಾರು 50, ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್‌ಗಳಲ್ಲಿ 25, ಲ್ಯಾಂಕಾಸ್ಟರ್‌ನಲ್ಲಿ 15. ಅಂದರೆ ಏಳು ಜನರಲ್ಲಿ ಒಬ್ಬ. ಹ್ಯಾಲಿಫ್ಯಾಕ್ಸ್‌ನ ಕಿಂಡಿ 24 ಇಂಚು ಇತ್ತು, ಎರಡೇ ಇಂಚು ಜಾಸ್ತಿ. ವ್ಯತ್ಯಾಸಕ್ಕೆಲ್ಲ ಅದೊಂದೇ ಕಾರಣ ಅಂತಲ್ಲ, ಆದರೆ ದೊಡ್ಡ ಕಾರಣ. ಡೈಸನ್ನರ ಸಹೋದ್ಯೋಗಿ ಒಬ್ಬರು ಇದನ್ನು ಅಗಲ ಮಾಡಿಸಿ ಅಂತ ಕಚೇರಿಯಿಂದ ಕಚೇರಿಗೆ ಅಲೆದು ಜಗಳ ಆಡಿದರು. ಯುದ್ಧ ಮುಗಿದಾಗಲೂ ಕಿಂಡಿ 22 ಇಂಚೇ ಇತ್ತು ಅಂತ ಡೈಸನ್ ಬರೆದಿದ್ದಾರೆ.

ಇದನ್ನು ಕ್ಷಮಿಸಲು ನನಗೆ ಆಗುವುದಿಲ್ಲ. ಹೊಸ ಶೋಧ ಏನೂ ಬೇಕಿರಲಿಲ್ಲ, ಬಾಗಿಲು ಸ್ವಲ್ಪ ಅಗಲ ಮಾಡಬೇಕಿತ್ತು ಅಷ್ಟೇ.

ಅನುಭವ ಇದ್ದರೆ ಬಚಾವಾಗಬಹುದು ಅಂತ ಹುಡುಗರಿಗೆ ಹೇಳುತ್ತಿದ್ದರು. ಡೈಸನ್ ಅಂಕಿಅಂಶ ನೋಡಿದಾಗ ಹಾಗೇನೂ ಕಾಣಲಿಲ್ಲ. ಹಳಬರೂ ಹೊಸಬರಷ್ಟೇ ಸಾಯುತ್ತಿದ್ದರು. ಯಾಕೆ ಅಂದರೆ 1943ರಿಂದ ಜರ್ಮನ್ನರು ತಮ್ಮ ರಾತ್ರಿ ಫೈಟರ್‌ಗಳ ಬೆನ್ನಿಗೆ ಮೇಲ್ಮುಖವಾಗಿ ಓರೆ ಮಾಡಿದ ತೋಪು ಕೂರಿಸಿದ್ದರು. ಬಾಂಬರ್‌ನ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ನುಸುಳಿ ರೆಕ್ಕೆಯಲ್ಲಿದ್ದ ಪೆಟ್ರೋಲ್ ಟ್ಯಾಂಕಿಗೆ ಹೊಡೆಯುತ್ತಿದ್ದರು. ಗುಂಡು ಬಂದ ದಾರಿ ತೋರಿಸುವ ಬೆಳಕಿನ ಗುಂಡುಗಳನ್ನೂ ಬಳಸುತ್ತಿರಲಿಲ್ಲ. ಸಾಮಾನ್ಯ ಲ್ಯಾಂಕಾಸ್ಟರ್‌ನಲ್ಲಿ ಹೊಟ್ಟೆಯ ಕಡೆ ನೋಡುವವರೇ ಇರಲಿಲ್ಲ. ಆಕಾಶದಲ್ಲಿ ದಿಢೀರ್ ಅಂತ ಏನೋ ಸಿಡಿದು ಉರಿಯುವುದನ್ನು ನೋಡಿದ ಹುಡುಗರಿಗೆ, ಅದು ನಿಮ್ಮನ್ನು ಹೆದರಿಸಲು ಶತ್ರು ಹಾರಿಸುವ ವಿಶೇಷ ಶೆಲ್, ವಿಮಾನ ಸಿಡಿದಂತೆ ಕಾಣುತ್ತದೆ ಅಷ್ಟೇ ಅಂತ ತಿಳಿಸಿದ್ದರು. ಜರ್ಮನ್ನರ ಹತ್ತಿರ ಅಂಥ ಶೆಲ್ಲೇ ಇರಲಿಲ್ಲ. ಅವರು ನೋಡಿದ್ದು ತಮ್ಮವರ ವಿಮಾನಗಳನ್ನೇ.

ಒಂದು ಸುತ್ತಿನ ಕೆಲಸ ಅಂದರೆ 30 ದಾಳಿ. ಪ್ರತಿ ಸಲ ನೂರರಲ್ಲಿ 5 ವಿಮಾನ ಹೋದರೆ, 30 ಸಲ ಮುಗಿಸಿ ಉಳಿಯುವುದು 21 ಅಥವಾ 22. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೊರಟ 795 ವಿಮಾನಗಳಲ್ಲಿ 95 ಬರಲಿಲ್ಲ, ಅಂದರೆ ನೂರಕ್ಕೆ ಸುಮಾರು 12. ಬೆಳದಿಂಗಳಿತ್ತು, ದಾರಿ ಉದ್ದಕ್ಕೂ ನೇರವಾಗಿತ್ತು, ವಿಮಾನಗಳ ಹಿಂದೆ ಬಿಳಿ ಗೆರೆ ಬೇರೆ ಮೂಡುತ್ತಿತ್ತು. ಒಂದೇ ರಾತ್ರಿ 500ಕ್ಕೂ ಹೆಚ್ಚು ಹುಡುಗರು ಸತ್ತರು.

ಇನ್ನು ಜೀವಂತವಾಗಿ ನೆಲ ಮುಟ್ಟಿದವರು. ಬೆಲ್ಜಿಯಂನಲ್ಲೋ ಫ್ರಾನ್ಸ್‌ನಲ್ಲೋ ಬಿದ್ದು ಸರಿಯಾದ ಮನೆಯ ಬಾಗಿಲು ತಟ್ಟಿದರೆ ಅದೃಷ್ಟ. ಬ್ರಸೆಲ್ಸ್‌ನ ಆಂದ್ರೆ ದ ಯೊಂಗ್ ಅನ್ನುವ 24ರ ಹುಡುಗಿ 1941ರಲ್ಲಿ ಕಟ್ಟಿದ ಕಾಮೆಟ್ ಜಾಲ, ಇಂಥವರನ್ನು ಮನೆಯಿಂದ ಮನೆಗೆ ದಾಟಿಸಿ, ಪಿರನೀಸ್ ಬೆಟ್ಟ ಹತ್ತಿಸಿ ಸ್ಪೇನ್‌ಗೆ ಮುಟ್ಟಿಸುತ್ತಿತ್ತು. ನೂರಕ್ಕೂ ಹೆಚ್ಚು ಜನರನ್ನು ಆಕೆ ಖುದ್ದಾಗಿ ಕರೆದುಕೊಂಡು ಹೋದಳು. 1943ರ ಜನವರಿಯಲ್ಲಿ ಸಿಕ್ಕಿಬಿದ್ದು ನಾಜಿಗಳ ರಾವೆನ್ಸ್‌ಬ್ರುಕ್ ಯಾತನಾ ಶಿಬಿರ ಸೇರಿದಳು, ಬದುಕಿ ಬಂದಳು. ಆ ಜಾಲದಲ್ಲಿದ್ದ ಎಷ್ಟೋ ಜನ ಬದುಕಿ ಬರಲಿಲ್ಲ.

ಜರ್ಮನಿಯಲ್ಲೇ ಬಿದ್ದವರ ಪಾಡು ಬೇರೆ. ಬಹುತೇಕರು ಯುದ್ಧಕೈದಿಗಳ ಶಿಬಿರ ಸೇರಿದರು. ಆದರೆ ಮನೆಮಠ ಕಳೆದುಕೊಂಡ ಜನರ ಕೈಗೆ ಸಿಕ್ಕವರೂ ಇದ್ದರು. 1944ರ ಆಗಸ್ಟ್ 26ರಂದು ರ‍್ಯುಸೆಲ್ಸ್‌ಹೈಮ್ ಊರಿನಲ್ಲಿ ಅಮೆರಿಕದ ಒಂದು ಬಾಂಬರ್ ಸಿಬ್ಬಂದಿಯನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ ಜನ ಮುಗಿಬಿದ್ದು ಆರು ಮಂದಿಯನ್ನು ಕೊಂದರು. ಹಿಂದಿನ ರಾತ್ರಿ ಆ ಊರಿನ ಮೇಲೆ ಬಾಂಬ್ ಹಾಕಿದವರು ಇವರಲ್ಲ, ಬ್ರಿಟಿಷರು.

ಇಷ್ಟೆಲ್ಲ ಆಗುವಾಗ ಮನೆಯವರ ಕೈಯಲ್ಲಿದ್ದದ್ದು ಒಂದು ಟೆಲಿಗ್ರಾಂ, ನಾಪತ್ತೆಯಾಗಿದ್ದಾರೆ ಅಂತ. ಕೆಲ ತಿಂಗಳು ಸುದ್ದಿ ಬರದಿದ್ದರೆ ಸತ್ತಿದ್ದಾರೆಂದು ಭಾವಿಸಲಾಗಿದೆ ಅಂತ ಇನ್ನೊಂದು ಕಾಗದ. ಯುದ್ಧ ಮುಗಿದಾಗ ರಾಯಲ್ ಏರ್‌ಫೋರ್ಸ್ ಪಟ್ಟಿಯಲ್ಲಿ ಹೀಗೆ ಕಾಣೆಯಾದವರು 41,881. ಅವರನ್ನು ಹುಡುಕಲೆಂದೇ ಒಂದು ವಿಭಾಗ ಮಾಡಿದರು. ಆ ತಂಡದವರು ಹಳ್ಳಿ ಹಳ್ಳಿ ತಿರುಗಿ ಪಾದ್ರಿಗಳನ್ನು, ಗುಂಡಿ ತೋಡುವವರನ್ನು ಮಾತಾಡಿಸಿದರು. ಹೆಸರಿಲ್ಲದ ಗುಂಡಿಗಳನ್ನು ತೆಗೆಸಿ ನೋಡಿದರು. ಅಂಗಿ ಮೇಲೆ ಧೋಬಿ ಹಾಕಿದ ಗುರುತು, ಉಂಗುರ, ಎಂಜಿನ್ ಮೇಲಿನ ನಂಬರು, ಇಂಥದ್ದನ್ನೇ ಹಿಡಿದು ಇವನು ಇಂಥವನು ಅಂತ ಪತ್ತೆ ಹಚ್ಚಿದರು. 1950ರ ಹೊತ್ತಿಗೆ 23,881 ಜನರಿಗೆ ಗೊತ್ತಿರುವ ಸಮಾಧಿ ಸಿಕ್ಕಿತು, 9,281 ಜನ ಸಮುದ್ರದ ಪಾಲು ಅಂತ ದಾಖಲಾಯಿತು, ಉಳಿದ 8,719 ಜನರ ಸುಳಿವೇ ಇಲ್ಲ. ಇಡೀ ಈ ಇತಿಹಾಸದಲ್ಲಿ ನನಗೆ ಗೌರವ ಮೂಡಿಸುವುದು ಈ ತಂಡದವರ ಕೆಲಸವೇ. ಇಂಥ ಹಟ ಕಿಂಡಿ ಅಗಲ ಮಾಡುವುದರಲ್ಲಿ ಇದ್ದಿದ್ದರೆ!

ಸಮಾಧಿ ಇಲ್ಲದವರ ಹೆಸರುಗಳನ್ನು 1953ರಲ್ಲಿ ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲೆ ಕೆತ್ತಿದರು, 20,000ಕ್ಕೂ ಹೆಚ್ಚು ಹೆಸರು. ನೂರ್ ಇನಾಯತ್ ಖಾನ್ ಹೆಸರೂ ಅಲ್ಲೇ ಇದೆ. ನಮ್ಮ ಟಿಪ್ಪು ಸುಲ್ತಾನ್ ವಂಶದ ಹೆಣ್ಣುಮಗಳು. ಬಾಂಬರ್‌ನಲ್ಲಿ ಹಾರಿದವಳಲ್ಲ. ವಾಯುಪಡೆಯ ಮಹಿಳಾ ವಿಭಾಗದಿಂದ ಗುಪ್ತ ಕೆಲಸಕ್ಕೆ ಫ್ರಾನ್ಸ್‌ಗೆ ಹೋಗಿ 1944ರಲ್ಲಿ ನಾಜಿಗಳ ಡಾಖಾವ್ ಯಾತನಾ ಶಿಬಿರದಲ್ಲಿ ಕೊಲೆಯಾದವಳು. ಆಕೆಗೂ ಸಮಾಧಿ ಇಲ್ಲ.

ಹುಡುಕಾಟ ಇನ್ನೂ ನಡೆದಿದೆ. 1944ರ ಮೇ ತಿಂಗಳಲ್ಲಿ ಬೆಲ್ಜಿಯಂನ ಜೌಗಿನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಹುಗಿದುಹೋಗಿತ್ತು, ಎಂಟು ಜನರಲ್ಲಿ ಮೂವರು ಅದರೊಳಗೇ ಉಳಿದಿದ್ದರು. 1997ರಲ್ಲಿ ಅಗೆದು ತೆಗೆದು, ಮೂವರನ್ನೂ ಉಳಿದ ಐವರ ಪಕ್ಕ ಹೂಳಿದರು. ಆ ವಿಮಾನದ ಅಲ್ಯುಮಿನಿಯಂ ಕರಗಿಸಿ ಇಟ್ಟುಕೊಂಡಿದ್ದರು. ಬಾಂಬರ್ ಕಮಾಂಡ್‌ಗೆ ಲಂಡನ್‌ನಲ್ಲಿ ಸ್ಮಾರಕ ಆಗಿದ್ದು 2012ರಲ್ಲಿ, ಯುದ್ಧ ಮುಗಿದು 67 ವರ್ಷಕ್ಕೆ. ಅದರ ಚಾವಣಿಗೆ ಆ ಲೋಹವನ್ನೇ ಬಳಸಿದರು. ನೆದರ್‌ಲ್ಯಾಂಡ್ಸ್‌ನ ಸರೋವರದಲ್ಲಿ 1943ರಲ್ಲಿ ಮುಳುಗಿದ ಸ್ಟರ್ಲಿಂಗ್ ಒಂದನ್ನು 2020ರಲ್ಲಿ ಮೇಲಕ್ಕೆತ್ತಿದರು.

ನಮ್ಮ ದೇಶದಲ್ಲೂ ಈ ಕೆಲಸ ಬಾಕಿ ಇದೆ. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಂನ ಚಬುವಾಕ್ಕೆ ಹೊರಟ ಅಮೆರಿಕದ ಬಿ-24 ಲಿಬರೇಟರ್ ಬಾಂಬರ್ ಎಂಟು ಜನರ ಜೊತೆ ಕಾಣೆಯಾಯಿತು. ಅರುಣಾಚಲದ ಬೆಟ್ಟದಲ್ಲಿ ಬಿದ್ದ ಆ ವಿಮಾನ 2006ರವರೆಗೆ ಹಾಗೇ ಬಿದ್ದಿತ್ತು. ದಮ್ರೋ ಹಳ್ಳಿಯ ಮೇಲಿನ ಕಾಡಿನಲ್ಲಿ ಅವಶೇಷ ಸಿಕ್ಕಿದ ಹತ್ತು ವರ್ಷದ ನಂತರ, 2016ರಲ್ಲಿ, ಅಲ್ಲಿ ಸಿಕ್ಕ ಮೂಳೆಗಳು ದೆಹಲಿಯಿಂದ ಅಮೆರಿಕಕ್ಕೆ ಹೋದವು. 2017ರಲ್ಲಿ ಒಬ್ಬ ಅಧಿಕಾರಿಯ ಗುರುತು ಸಿಕ್ಕಿತು. ಇಂಥ ವಿಮಾನಗಳು ಆ ಬೆಟ್ಟಗಳಲ್ಲಿ ಇನ್ನೂ ಇವೆ. ಮಳೆ, ಎತ್ತರ, ಗಡಿ ರಾಜಕೀಯ, ಅನುಮತಿ ಎಲ್ಲವೂ ಅಡ್ಡ ಬರುತ್ತವೆ. ಆದರೆ ಅವು ಎಲ್ಲೆಲ್ಲಿವೆ ಅಂತ ಚೆನ್ನಾಗಿ ಗೊತ್ತಿರುವುದು ಆ ಕಾಡಿನಲ್ಲಿ ಓಡಾಡಿದ ಅಲ್ಲಿನ ಬೇಟೆಗಾರರಿಗೆ. ಅನುಮತಿ ಯಾವಾಗಲಾದರೂ ಸಿಗಲಿ, ಆ ಹಿರಿಯರು ಇರುವಾಗಲೇ ಹೋಗಿ ಅವರು ಹೇಳುವುದನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನಾದರೂ ಯಾರಾದರೂ ಈಗಲೇ ಶುರು ಮಾಡಬೇಕು.