ಹೊಗೆಯ ರುಚಿ ನೋಡುವ ಪಿಂಗಾಣಿ

ಹಳೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ನಮ್ಮಲ್ಲಿ ಎರಡು ಮದ್ದು ಪ್ರಸಿದ್ಧ. ಒಂದು, ಬ್ಯಾಟರಿಯ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುವುದು. ಇನ್ನೊಂದು, ಸ್ಕ್ಯಾನರ್ ಯಾವ ಭಾಗದ ಕಡೆ ಬೆರಳು ತೋರಿಸಿತೋ ಅದನ್ನೇ ಕಿತ್ತು ಹೊಸದು ಹಾಕುವುದು. ಮೊದಲನೆಯದು ದೃಷ್ಟಿ ತೆಗೆದ ಹಾಗೆ. ದೀಪ ಆರುತ್ತದೆ, ದೋಷ ಅಲ್ಲೇ ಕೂತಿರುತ್ತದೆ. ಜೊತೆಗೆ ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂನಲ್ಲಿತ್ತು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಕಳ್ಳನನ್ನು ಹಿಡಿಯುವ ಮೊದಲೇ ಹೆಜ್ಜೆಗುರುತು ಗುಡಿಸಿದಂತೆ. ಎರಡನೆಯ ಮದ್ದಿನಿಂದ ಜೇಬು ಹಗುರವಾಗುತ್ತದೆ.

ನನ್ನ ಪೆಟ್ರೋಲ್ ಕಾರು 2013ರ ಕೊನೆಯದು. ಭಾರತದಲ್ಲಿ ಆ ವರ್ಷದ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡಿನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾದ್ದರಿಂದ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಪಿ0171 ಎಂಬ ದೋಷದ ಕೋಡ್. ಮಿಶ್ರಣ ತೆಳುವಾಗಿದೆ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಗ್ಯಾರೇಜಿನಲ್ಲಿ ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’ ಎಂದರು. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ದೂರು ತಂದವನನ್ನೇ ಲಾಕಪ್ಪಿಗೆ ಹಾಕುವ ನ್ಯಾಯ ಇದು.

ಹೊಗೆಯಲ್ಲಿ ಮಿಕ್ಕ ಆಮ್ಲಜನಕವನ್ನು ಅಳೆಯುವ ಆ ಸೆನ್ಸರ್ ಎಂಥ ಸೊಗಸಾದ ವಸ್ತು ಎಂದು ಗೊತ್ತಿದ್ದರೆ ಯಾರೂ ಅದನ್ನು ಅಷ್ಟು ಸುಲಭಕ್ಕೆ ಬಯ್ಯಲಾರರು. ಅದರ ಮೂಲ ಇರುವುದು ಒಂದು ದೀಪದಲ್ಲಿ. 1890ರ ದಶಕದ ಕೊನೆಯಲ್ಲಿ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಜಿರ್ಕೋನಿಯಾಕ್ಕೆ ಇಟ್ರಿಯಾ ಬೆರೆಸಿ ಸುಟ್ಟ ಪಿಂಗಾಣಿ ಕಡ್ಡಿಯಿಂದ ವಿದ್ಯುದ್ದೀಪ ಮಾಡಿದರು. ತಣ್ಣಗಿದ್ದಾಗ ಆ ಕಡ್ಡಿಯಲ್ಲಿ ಕರೆಂಟ್ ಹರಿಯದು. ಕಾಯಿಸಿದರೆ ಗಟ್ಟಿ ಪಿಂಗಾಣಿಯೊಳಗೇ ಆಮ್ಲಜನಕದ ಅಯಾನುಗಳು ಜಾಗದಿಂದ ಜಾಗಕ್ಕೆ ಜಿಗಿಯತೊಡಗುತ್ತವೆ. ಟಂಗ್‌ಸ್ಟನ್ ಬಲ್ಬ್ ಬಂದ ಮೇಲೆ ಆ ದೀಪ ಮೂಲೆ ಸೇರಿತು. ಅದೇ ಜಾತಿಯ ಪಿಂಗಾಣಿ 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ (ಆಕ್ಸಿಜನ್ ಸೆನ್ಸರಿನದೇ ಇನ್ನೊಂದು ಹೆಸರು) ಆಗಿ, ಅಮೆರಿಕಕ್ಕೆ ಹೋಗುವ ವೋಲ್ವೊ ಕಾರುಗಳ ಹೊಗೆಕೊಳವೆಯಲ್ಲಿ ಮರುಹುಟ್ಟು ಪಡೆಯಿತು. ಅದಕ್ಕೆ ಇಂದಿಗೂ ಸುಮಾರು 300 ಡಿಗ್ರಿಯ ಶಾಖ ಬೇಕು. ಅದಕ್ಕೆಂದೇ ಒಳಗೆ ಪುಟ್ಟ ಹೀಟರ್ ಇರುತ್ತದೆ. ಆ ಹೀಟರ್ ಕೆಟ್ಟರೆ ಬರುವ ಕೋಡೇ ಬೇರೆ, ಪಿ0135.

ಪಿಂಗಾಣಿಯ ಒಂದು ಮೈ ಹೊರಗಿನ ಗಾಳಿಗೆ, ಇನ್ನೊಂದು ಹೊಗೆಗೆ. ಕಾಲುವೆಯ ತೂಬಿನ ಹಲಗೆಯನ್ನು ನೆನೆಸಿಕೊಳ್ಳಿ. ಎರಡು ಕಡೆಯ ನೀರಿನ ಮಟ್ಟದಲ್ಲಿ ಅಂತರ ಹೆಚ್ಚಿದ್ದರೆ ಹಲಗೆಯ ಮೇಲೆ ಒತ್ತಡ ಹೆಚ್ಚು. ಇಲ್ಲಿ ನೀರಿನ ಬದಲು ಆಮ್ಲಜನಕ, ಒತ್ತಡದ ಬದಲು ವೋಲ್ಟೇಜು. ಹೊಗೆಯಲ್ಲಿ ಆಮ್ಲಜನಕ ಇಲ್ಲವೆಂದರೆ ಸುಮಾರು 0.9 ವೋಲ್ಟ್, ಮಿಕ್ಕಿದೆಯೆಂದರೆ 0.1. ಇದನ್ನು ನೋಡುತ್ತ ಕಂಪ್ಯೂಟರ್, ಸಾರಿನ ರುಚಿ ನೋಡಿ ಉಪ್ಪು ಹಾಕುವ ಅಡುಗೆಭಟ್ಟರ ಹಾಗೆ, ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಏರಿಸುತ್ತ ಇಳಿಸುತ್ತ ಇರುತ್ತದೆ. ಆ ಏರಿಳಿತದ ಲೆಕ್ಕಕ್ಕೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಎಷ್ಟು ಏರಿಸಿದರೂ ಸಾಲದಾದಾಗ ಪಿ0171 ಬರೆದು ದೀಪ ಹಚ್ಚುತ್ತದೆ.

ಸೆನ್ಸರಿಗೆ ಆಮ್ಲಜನಕ ಬಿಟ್ಟು ಬೇರೇನೂ ಕಾಣದು ಎಂಬುದು ಇಲ್ಲಿಯ ಮುಖ್ಯ ಸಂಗತಿ. ಒಂದು ಸಿಲಿಂಡರಿನ ಪ್ಲಗ್ ಕಿಡಿ ಹಾರಿಸಲಿಲ್ಲ ಎನ್ನಿ. ಸುಡದ ಪೆಟ್ರೋಲೂ ಬಳಸದ ಗಾಳಿಯೂ ಒಟ್ಟಿಗೇ ಹೊರಬರುತ್ತವೆ. ಪೆಟ್ರೋಲ್ ವಾಸನೆ ನಮ್ಮ ಮೂಗಿಗೆ ಹೊಡೆಯುತ್ತಿದ್ದರೂ ಸೆನ್ಸರ್ ‘ತೆಳು’ ಎನ್ನುತ್ತದೆ! ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಕೊಳವೆ ಬಿರುಕು ಬಿಟ್ಟು ಹೊರಗಾಳಿ ನುಗ್ಗಿದರೂ ಅದೇ ಉತ್ತರ. ಹಾಗಾಗಿ ಕೋಡ್ ನೋಡಿ ಸುಮ್ಮನಾಗದೆ ಟ್ರಿಮ್ಮನ್ನೂ ನೋಡಬೇಕು.

ನನ್ನ ಕಾರು ಐಡ್ಲಿಂಗ್‌ನಲ್ಲಿದ್ದಾಗ ಟ್ರಿಮ್ ಶೇಕಡಾ +24 ಇತ್ತು, ಅಂದರೆ ಮಾಮೂಲಿಗಿಂತ ಅಷ್ಟು ಹೆಚ್ಚು ಪೆಟ್ರೋಲ್ ಹೋಗುತ್ತಿತ್ತು. 2,500 ಆರ್‌ಪಿಎಂಗೆ ಏರಿಸಿ ಹಿಡಿದರೆ +9ಕ್ಕೆ ಇಳಿಯಿತು. ಒಂದು ಚಮಚ ನೀರು ಲೋಟದ ಹಾಲನ್ನು ಕೆಡಿಸುತ್ತದೆ, ಕೊಡದ ಹಾಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವುದೇ ಲೋಟದಷ್ಟು ಗಾಳಿ, ಹಾಗಾಗಿ ಎಲ್ಲಿಂದಲೋ ಸೋರಿ ಒಳನುಗ್ಗುವ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಎಲ್ಲೋ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಕಡೆ ಸೋರಿಕೆಯಿದೆ ಎಂದಾಯಿತು. ತಿರುವುಮುರುವಾಗಿ, ಆರ್‌ಪಿಎಂ, ಲೋಡ್ ಏರಿದಷ್ಟೂ ಟ್ರಿಮ್ ಏರುತ್ತಿದ್ದರೆ ನಾನು ಮೊದಲು ಫ್ಯೂಯೆಲ್ ಫಿಲ್ಟರ್, ಪಂಪ್ ನೋಡುತ್ತಿದ್ದೆ.

ಬಾನೆಟ್ ತೆಗೆದು, ಬೆಲ್ಟಿನಿಂದ ಕೈ ದೂರವಿಟ್ಟುಕೊಂಡು ಕಿವಿಗೊಟ್ಟೆ. ಒಳಹೋಗುವ ಗಾಳಿಯನ್ನು ಹದ್ದುಬಸ್ತಿನಲ್ಲಿಡುವ ಥ್ರಾಟಲ್ ಬಾಡಿಯ ಹಿಂದೆ ಸಣ್ಣಗೆ ‘ಸ್ಸ್’ ಎನ್ನುತ್ತಿತ್ತು. ಕಿರುಬೆರಳು ಗಾತ್ರದ ರಬ್ಬರ್ ಹೋಸು, ಬಾಗಿದ ಜಾಗದಲ್ಲಿ ಸೀಳಿತ್ತು. ಹೆಬ್ಬೆರಳಿನಿಂದ ಸೀಳು ಮುಚ್ಚಿದೊಡನೆ ಎಂಜಿನ್ನಿನ ನಡುಕ ನಿಂತಿತು.

ಹೋಸು ಬದಲಿಸಿದ್ದೇನೆ, ಸೆನ್ಸರ್ ಹಳೆಯದೇ ಇದೆ. ಟ್ರಿಮ್ ಈಗ +6ರ ಆಸುಪಾಸಿನಲ್ಲಿ ನಿಂತಿದೆ. ಇಷ್ಟಕ್ಕೆ ದೋಷ ಹುಡುಕುತ್ತ ಹೊರಡುವ ಅಗತ್ಯವಿಲ್ಲ. ಒಂದು ಕಿಲೋ ಶುದ್ಧ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಕಿಲೋ ಸಾಕು, ಏಕೆಂದರೆ ಅದು ತನ್ನ ಅಣುವಿನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಅದು ಬರುವ ಮೊದಲೇ ತಯಾರಾದ ಕಾರು ಆ ವ್ಯತ್ಯಾಸವನ್ನು ತುಂಬಿಕೊಳ್ಳಲು ಇಷ್ಟು ಹೆಚ್ಚು ಇಂಧನ ಬಿಡಲೇಬೇಕು.