ಇಂಚು-ಸೆಂಟಿನ ಮಳೆ, ಅರ್ಧ ಗಂಟೆಯ ಲೆಕ್ಕ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿತು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಂದಿನಿಂದ ಕೊಡಗಿನ ಮಾತುಕತೆಯಲ್ಲಿ ಮಣ್ಣಿನ ಸವಕಳಿಯೂ ಗುಡ್ಡ ಕುಸಿತವೂ ಒಂದೇ ಎಂಬಂತಾಗಿದೆ. ಸವಕಳಿಯ ನಕ್ಷೆಗೆ ಅಪಾಯದ ಕೆಂಪು ಬಣ್ಣ ಬಳಿಯುವುದು ಸುಲಭ. ಆ ಬಣ್ಣ ಯಾವ ಲೆಕ್ಕದಿಂದ ಬಂತೆಂದು ಕೇಳುವವರು ಕಡಿಮೆ.

ಈ ಲೆಕ್ಕದ ಹಿಂದಿನ ಕಾಳಜಿ ಬಲಗೊಂಡದ್ದು ಒಣ ನೆಲದಲ್ಲಿ. 1930ರ ದಶಕದಲ್ಲಿ ಅಮೆರಿಕದ ಬಯಲಿನ ಹೊಲಗಳು ದೂಳಾಗಿ ಹಾರಿದವು. 1954ರಲ್ಲಿ ನಮ್ಮ ಬಳ್ಳಾರಿಯಲ್ಲೂ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಶುರುವಾಯಿತು. 1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ವಿಷ್‌ಮೈಯರ್ ಮತ್ತು ಸ್ಮಿತ್, ಮಳೆನೀರಿನಿಂದಾಗುವ ಸವಕಳಿಯ ಸೂತ್ರ ಪ್ರಕಟಿಸಿದರು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ಹೊದಿಕೆ, ಬದುವಿನಂಥ ತಡೆ, ಇವನ್ನು ಗುಣಿಸಿದರೆ ವರ್ಷದ ಸರಾಸರಿ ನಷ್ಟ ಸಿಗುತ್ತದೆ. ಅಳತೆಗೋಲಾಗಿದ್ದು 22.1 ಮೀಟರ್ ಉದ್ದದ, ಶೇ 9 ಇಳಿಜಾರಿನ, ಬೆಳೆಯಿಲ್ಲದೆ ಉತ್ತ ತುಂಡು ಹೊಲ. ನಮ್ಮ ಬರೆಗೆ, ಅಂದರೆ ಗುಡ್ಡದ ಕಡಿದಾದ ಬದಿಗೆ, ಅದನ್ನು ಹೋಲಿಸಲಾದೀತೇ?

ಎಡವಟ್ಟು ಹೆಚ್ಚಾಗುವುದು ಮಳೆಯ ಅಂಶದಲ್ಲಿ. ತೋಟದವರ ಪುಸ್ತಕದಲ್ಲಿ ದಿನದ ಮಳೆ ಇಂಚು, ಸೆಂಟಿನಲ್ಲಿರುತ್ತದೆ (ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು). ಸೂತ್ರಕ್ಕೆ ಬೇಕಿರುವುದು ಮಳೆಯ ಶಕ್ತಿ ಮತ್ತು ಅತಿ ಜೋರಾದ 30 ನಿಮಿಷದ ತೀವ್ರತೆ. ಆಷಾಢದಲ್ಲಿ 50 ಮಿ.ಮೀ. ಹಗಲೂ ರಾತ್ರಿ ಸಮನಾಗಿ ಸುರಿದರೆ ತೀವ್ರತೆ ಗಂಟೆಗೆ ಸುಮಾರು 2 ಮಿ.ಮೀ. ಅದೇ 50ರಲ್ಲಿ 25 ಅರ್ಧ ಗಂಟೆಯಲ್ಲೇ ಬಿದ್ದರೆ ಗಂಟೆಗೆ 50. ದಿನದ ಲೆಕ್ಕದಲ್ಲಿ ಎರಡೂ ಒಂದೇ! ಒಣ ಸೀಮೆಯಲ್ಲಿ ವರ್ಷದ ಸವಕಳಿಯ ಬಹುಪಾಲು ಇಂಥ ಬೆರಳೆಣಿಕೆಯ ಮಳೆಗಳದ್ದು: ಬರಿ ಮಣ್ಣಿನ ಮೇಲೆ ಹನಿ ಬಡಿದು ಮೇಲ್ಪದರ ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಹರಿಯುತ್ತದೆ. ಕುಶಾಲನಗರದ ಕಡೆ ಶುಂಠಿಗೆಂದು ಅಗೆದು ಬಿಟ್ಟ ನೆಲಕ್ಕೆ ಏಪ್ರಿಲಿನ ಗುಡುಗುಮಳೆ ಬಿದ್ದಾಗಲೂ ಹೀಗೇ. ತರಗೆಲೆ ಹೊದ್ದ ಕಾಫಿ ತೋಟದಲ್ಲಿ ಅಷ್ಟಿಲ್ಲ.

ನಷ್ಟ ಕಣ್ಣಿಗೆ ಬೀಳುವುದೂ ಇಲ್ಲ. ಹೆಕ್ಟೇರಿಗೆ ಒಂದು ಮಿ.ಮೀ. ಮಣ್ಣು ಹೋದರೆ ಸುಮಾರು 13 ಟನ್. ನೆಲಕ್ಕೆ ಮೊಳೆ ಹೊಡೆದು, ತಲೆ ಎಷ್ಟು ಹೊರಬಂತೆಂದು ವರ್ಷ ವರ್ಷ ಅಳೆಯುವುದು ಹಳೆಯ, ಅಗ್ಗದ ದಾರಿ.

ಇಷ್ಟಾದರೂ ಸೂತ್ರ ಹೇಳುವುದು ಪದರವಾಗಿ, ಸಣ್ಣ ಸಾಲುಗಳಲ್ಲಿ ಕೊಚ್ಚಿಹೋಗುವ ಮಣ್ಣನ್ನು ಮಾತ್ರ. ಕೊರಕಲೂ ಕುಸಿತವೂ ಅದರ ಹೊರಗೆ. ಕುಸಿತಕ್ಕೆ ದಾರಿ ಮಾಡುವುದು ಇಂಗಿದ ನೀರಿನ ಒತ್ತಡ, ರಸ್ತೆಗೋ ಮನೆಗೋ ಕಡಿದ ಗುಡ್ಡದ ಬುಡ. ಆದ್ದರಿಂದಲೇ ಸಾಧಾರಣ ಇಳಿಜಾರಿನ ತೋಟದಲ್ಲಿ ಮಣ್ಣು ಹಿಡಿಯುವ ತೊಟ್ಟಿಲುಗುಂಡಿ (ಗಿಡದ ಸಾಲುಗಳ ನಡುವೆ ತೆಗೆದ ಉದ್ದನೆಯ ಗುಂಡಿ), ಬುಡ ಕಡಿದ ಕಡಿದಾದ ಬರೆಯ ನೆತ್ತಿಯಲ್ಲಿದ್ದರೆ ನೀರು ಒಳಗಿಳಿಸಿ ಅಪಾಯ ಹೆಚ್ಚಿಸುತ್ತದೆ. ಅಲ್ಲಿ ಬೇಕಿರುವುದು ನೀರನ್ನು ಪಕ್ಕದ ತೋಡಿಗೆ ಸಾಗಿಸುವ ಚರಂಡಿ.